ಮಂಜಿನಲ್ಲಿ ಗಂಟೆಯ ಹಿಂದೆ ಹೋದ ಪಿ.ಟಿ. ಮೇಡಂ

ಬೆಳಿಗ್ಗೆ ಅಂಗಡಿ ಬಾಗಿಲು ಎತ್ತುವಷ್ಟರಲ್ಲಿ ಟೈರಣ್ಣನ ಫೋನು ಬಂತು. ಟೈರಣ್ಣ ಅಂದರೆ ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರು. ಮಧುಗಿರಿಯಲ್ಲಿ, ಶಿರಾ ರಸ್ತೆಯಲ್ಲಿ, ಟೈರಿನ ಅಂಗಡಿ ಇಟ್ಟಿದ್ದಾರೆ. ಸೊಂಟದ ಸುತ್ತ ಇನ್ನೊಂದು ಟೈರು ಇಟ್ಟುಕೊಂಡಿದ್ದಾರೆ, ಅದು ಮಾರಾಟಕ್ಕಲ್ಲ. ಈ ಹೆಸರು ನಾನಿಟ್ಟದ್ದು. ಎದುರಿಗೆ ಸಿಕ್ಕರೆ 'ಸಾರ್' ಅಂತೀನಿ.

"ಲೇ, ಪೇಂಟರ್ ಬಂದವ್ನೆ ಕಣ್ಲಾ. ಮೈದಾನದ ಗೇಟಿನ ಮೇಲೆ ಮೇಡಂ ಹೆಸರು ಬರೆಸ್ತಾ ಇದೀವಿ. ಹೆಸರಿನ ಕೆಳಗೆ ಒಂದು ಲೈನು ಬೇಕು. ಮೈಕ್ ಸಿಕ್ರೆ ಅರ್ಧ ಗಂಟೆ ಬಿಡಲ್ಲ ನೀನು, ಒಂದು ಲೈನ್ ಹೊಂದಿಸ್ಕೊಡಾಕಾಗಲ್ವಾ?"

"ನೀವೇನ್ ಅಂದ್ಕೊಂಡಿದೀರ ಸಾರ್?"

"'ಜಪಾನಿನ ನೊರಿಕುರಾ ಶಿಖರ ಏರಿದವರು.' ಇನ್ನೇನೈತೆ ಬರೆಯಾಕೆ? ನೀನು ಬಂದು ಕಾಗುಣಿತ ನೋಡ್ಬುಡು, ಸಾಕು."

ನಾನು ಏನೂ ಹೇಳಲಿಲ್ಲ. ಇದು ನನ್ನ ಮಟ್ಟಿಗೆ ಕಾಯಿಲೆಯ ಲಕ್ಷಣ. ಟೈರಣ್ಣನಿಗೂ ಅನುಮಾನ ಬಂದು "ಇದೀಯೇನ್ಲಾ?" ಅಂತ ಕೇಳಿದರು. ಇದ್ದೆ. ಆದರೆ ಮೇಡಂ ಆ ಶಿಖರ ಏರಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಟೈರಣ್ಣನಿಗೂ ಗೊತ್ತಿಲ್ಲ. ಹೋದ ತಿಂಗಳು ತೀರಿಕೊಳ್ಳುವವರೆಗೂ ಸ್ವತಃ ಮೇಡಂಗೇ ಗೊತ್ತಿರಲಿಲ್ಲ.

ಅವರ ಹೆಸರು ಗೇಟಿನ ಮೇಲೆ ಬಂದೇ ಬರುತ್ತದೆ, ಇಲ್ಲಿ ಬೇಡ. ಊರಿನಲ್ಲಿ ಪಿ.ಟಿ. ಮೇಡಂ ಅಂದರೆ ಅವರೊಬ್ಬರೇ. ದೊಡ್ಡೇರಿ ಕಡೆಯ ಹಳ್ಳಿಯವರು. ಮನೆಯಲ್ಲಿ ಕುರಿ ಸಾಕುತ್ತಿದ್ದರು. ನಡೆಯುವುದನ್ನು ಕುರಿ ಹಿಂದೆ ಕಲಿತೆ, ನಿಲ್ಲುವುದನ್ನು ಕುರಿ ಮುಂದೆ ಕಲಿತೆ ಅನ್ನುತ್ತಿದ್ದರು. ಬಿದಿರಿನ ಗಳಕ್ಕೆ ಟ್ರ್ಯಾಕ್ ಪ್ಯಾಂಟು ತೊಡಿಸಿದ ಹಾಗೆ ಉದ್ದಕ್ಕೆ, ತೆಳ್ಳಗೆ ಇದ್ದರು. ಕೂತಿದ್ದನ್ನು ನಾವ್ಯಾರೂ ನೋಡಿಲ್ಲ. ಮಧ್ಯಾಹ್ನದ ಮುದ್ದೆಯನ್ನೂ ತಟ್ಟೆ ಕೈಯಲ್ಲಿ ಹಿಡಿದು ಬೇವಿನ ಮರದ ಕೆಳಗೆ ನಿಂತೇ ನುಂಗುತ್ತಿದ್ದರು. "ಕೂತ್ಕೊಳ್ಳಿ ಮೇಡಂ" ಅಂದರೆ, "ಕೂತ್ರೆ ಮರ್ತೋಯ್ತದೆ ಕಣೋ" ಅನ್ನುತ್ತಿದ್ದರು.

"ಏನು ಮರ್ತೋಯ್ತದೆ?"

"ಏಳೋದು."

ಅವರ ಬಾಯಲ್ಲಿ ಸದಾ ಸೀಟಿ ಇರುತ್ತಿತ್ತು. ಊದುವುದಕ್ಕಲ್ಲ. ಹಲ್ಲಿನ ಮಧ್ಯೆ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಹಾಗಾಗಿ ಪ್ರತಿ ವಾಕ್ಯದ ಕೊನೆಗೆ ಒಂದು ಸಣ್ಣ 'ಪೀ' ತಾನಾಗೇ ಬರುತ್ತಿತ್ತು. ಬೈಗುಳಕ್ಕೆ ಉದ್ದನೆಯ ಪೀ, ಮೆಚ್ಚುಗೆಗೆ ಮೊಟಕು ಪೀ. ನಾನು ಆಗಲೇ ಹೆಡ್ ಮಾಸ್ಟರು, ಶಿರಾ ಬಸ್ಸಿನ ಕಂಡಕ್ಟರು, ಕುಕ್ಕರು, ಎಲ್ಲರನ್ನೂ ಅನುಕರಣೆ ಮಾಡುತ್ತಿದ್ದ ಹುಡುಗ. ಮೇಡಂ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಒಂದು ದಿನ ಶೌಚಾಲಯದ ಹಿಂದೆ ಹುಡುಗರನ್ನು ಗುಡ್ಡೆ ಹಾಕಿಕೊಂಡು ಅವರ ಧ್ವನಿಯಲ್ಲಿ ಎಲ್ಲರಿಗೂ ಬಸ್ಕಿ ಹೊಡೆಸುತ್ತಿದ್ದೆ. ಹುಡುಗರು ಇದ್ದಕ್ಕಿದ್ದ ಹಾಗೆ ನಿಜವಾಗಿಯೇ ಹೊಡೆಯತೊಡಗಿದರು. ತಿರುಗಿದರೆ ಮೇಡಂ.

"ಇನ್ನೊಂದ್ಸಲ ಮಾಡು."

ಮಾಡಿದೆ. ಪೀ ಬದಲು ಕುಕ್ಕರಿನ ಸದ್ದು ಬಂತು.

"ಅಂಗಲ್ಲ. ನಂದು ಗಂಟ್ಲಿಂದ ಬರಲ್ಲ, ಮೂಗಿಂದ ಬರ್ತದೆ. ಕದಿಯೋದಾದ್ರೆ ನೆಟ್ಟಗೆ ಕದಿ." ಮೊಟಕು ಪೀ. ಅವತ್ತಿಂದ ನನ್ನನ್ನು ಗಿಳಿ ಅಂತ ಕರೆದರು. ಈಗ ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡಿಕೊಂಡು, ಎರಡರಲ್ಲೂ ಸಮನಾಗಿ ಬೈಸಿಕೊಳ್ಳುತ್ತಿರುವುದಕ್ಕೆ ಆ ಒಂದು ಪೀ ಕಾರಣ.

ಅವರದೊಂದು ನೇಮವಿತ್ತು. ವರ್ಷಕ್ಕೊಮ್ಮೆ ಒಂಬತ್ತನೇ ಕ್ಲಾಸಿನವರನ್ನು ನಮ್ಮ ಮಧುಗಿರಿ ಬೆಟ್ಟ ಹತ್ತಿಸಬೇಕು. ತುದಿಯಲ್ಲಿ ಪಾಳು ಗುಡಿಯಿದೆ. ಅದರ ಗೋಡೆಗೆ ಅಂಗೈ ಒತ್ತಬೇಕು. ಒತ್ತಿದವರಿಗೆ ಕೆಳಗೆ ಬಂದ ಮೇಲೆ ಬಟ್ಟೆಯ ಬ್ಯಾಡ್ಜು. "ಮುಟ್ಟಿದ್ರೆ ಹತ್ತಿದಂಗೆ. ಮುಟ್ಟಲಿಲ್ಲ ಅಂದ್ರೆ ಗಾಳಿ ಕುಡಿಯಾಕೆ ಹೋಗಿದ್ದಂಗೆ." ನಾನು ಮುಟ್ಟಿದೆ. ಧೈರ್ಯದಿಂದಲ್ಲ. ಬಂಡೆಯ ಇಳಿಜಾರಿಗಿಂತ ಹಿಂದೆ ಬರುತ್ತಿದ್ದ ಪೀಗೆ ಹೆಚ್ಚು ಹೆದರಿದ್ದೆ. ಇಳಿಯುವಾಗ ಕುಂಡಿಯ ಮೇಲೆ ಜಾರಿಕೊಂಡೇ ಬಂದೆ. ಬ್ಯಾಡ್ಜು ಎದೆಗೆ, ತೂತು ಹಿಂದಕ್ಕೆ.

ಟೈರಣ್ಣ ಮುಟ್ಟಿರಲಿಲ್ಲ. ಮೇಡಂ ಹೊಸದಾಗಿ ಕೆಲಸಕ್ಕೆ ಬಂದ ಕಾಲ ಅದು. ಟೈರಣ್ಣ ಆಗ ಸೈಕಲ್ ಟ್ಯೂಬಿನಷ್ಟು ಸಣ್ಣಗಿದ್ದರಂತೆ. ಕೊನೆಯ ಏರಿನಲ್ಲಿ ಮೆಟ್ಟಿಲೆಂದರೆ ಬಂಡೆಯಲ್ಲಿ ಕೊರೆದ ಗುಳಿ, ಹಿಡಿಯಲು ಒಂದು ಕಬ್ಬಿಣದ ಸರಳು, ಜೊತೆಗೆ ಗಾಳಿ. ಅಲ್ಲಿ ಕೂತುಬಿಟ್ಟರು. "ಮೇಡಂ, ಗೋಡೆ ಇಲ್ಲಿಂದ್ಲೇ ಕಾಣ್ತೈತೆ!" ಅಂತ ಕೂಗಿದರಂತೆ. "ಕಾಣೋದು ಬಸ್‌ಸ್ಟ್ಯಾಂಡಿಂದ್ಲೂ ಕಾಣ್ತದೆ. ಬಾ, ಮುಟ್ಟು." ಹೋಗಲಿಲ್ಲ. ಬ್ಯಾಡ್ಜು ಸಿಗಲಿಲ್ಲ. ಅಜ್ಜನಾಗುವ ವಯಸ್ಸಿಗೂ ಟೈರಣ್ಣ ಈ ಕತೆಯನ್ನು ನಗುತ್ತಲೇ ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಮಾತ್ರ ಗಿರಾಕಿಯ ಕಡೆಗೆ ಸ್ವಲ್ಪ ಜೋರಾಗಿ ರೇಗುತ್ತಾರೆ.

ರಿಟೈರಾದ ಮೇಲೆ ಮೇಡಂ ಹಿರಿಯರ ಕ್ರೀಡಾಕೂಟಗಳಲ್ಲಿ ನಡಿಗೆ ಸ್ಪರ್ಧೆಗೆ ಇಳಿದರು. ಬೆಳಗಾಗುವ ಮೊದಲೇ ಕೊರಟಗೆರೆ ರಸ್ತೆಯಲ್ಲಿ ಸೊಂಟ ಅಲ್ಲಾಡಿಸಿಕೊಂಡು ಬಿರಬಿರನೆ ಹೊರಟರೆ ಲಾರಿಯವರು ಹಾರನ್ ಹೊಡೆಯುತ್ತಿದ್ದರು. ಇವರು ಉದ್ದನೆಯ ಪೀ ಊದಿ ಲಾರಿಯನ್ನೇ ಪಕ್ಕಕ್ಕೆ ಸರಿಸುತ್ತಿದ್ದರು. ಹಾಗೇ ನಡೆಯುತ್ತ ನಡೆಯುತ್ತ ಒಂದು ದಿನ ಜಪಾನಿಗೆ ಆಯ್ಕೆಯಾದರು. ಜೊತೆಗೆ ಪಾವಗಡದ ಕಡೆಯ ರಾಯಚರ್ಲು ಹಳ್ಳಿಯ ಹಿರಿಯರೊಬ್ಬರು ಹೊರಟರು, ನಾವೆಲ್ಲ ಮಾವ ಅಂತ ಕರೆಯುವವರು. ಅವರದು ಈಟಿ ಎಸೆತ. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಮೇಲೆ ಕೈಗೆ ಕೆಲಸವಿಲ್ಲದೆ ಹಿಡಿದ ಆಟ ಅದು. "ಪೊಲಂ ಸೂರ್ಯುಡಿಗೆ ಕೊಟ್ಬುಟ್ಟೆ ಸ್ವಾಮಿ, ಈಟಿ ಒಂದು ಉಳ್ಕಂತು" ಅಂತ ಅರ್ಧ ತೆಲುಗಿನಲ್ಲಿ ಅನ್ನುತ್ತಾರೆ.

ಸ್ಪರ್ಧೆಯಲ್ಲಿ ಮೇಡಂ ಕೊನೆಯವರಾಗಲಿಲ್ಲ, ಮಾವನ ಈಟಿ ಯಾರಿಗೂ ತಾಗಲಿಲ್ಲ. ಊರಿನವರಿಗೆ ಅಷ್ಟರಲ್ಲೇ ತೃಪ್ತಿಯಾಗಿತ್ತು. ತೊಂದರೆ ಶುರುವಾದದ್ದು ಮಾರನೇ ದಿನ. ಬಿಡುವಿನ ದಿನ ಅಂತ ಕೂಟದವರು ಎಲ್ಲರನ್ನೂ ಬಸ್ಸಿನಲ್ಲಿ ಕೂರಿಸಿ ಬೆಟ್ಟಕ್ಕೆ ಕರೆದುಕೊಂಡು ಹೋದರು. ಆ ಬೆಟ್ಟವೇ ನೊರಿಕುರಾ.

ಊರಿಗೆ ಬಂದ ವಾರವೇ ಮೇಡಂ ನನ್ನ ಅಂಗಡಿಗೆ ಬಂದರು. ಸ್ಟೂಲು ಕೊಟ್ಟೆ. ಅದರ ಮೇಲೆ ಚೀಲ ಇಟ್ಟು ತಾವು ನಿಂತರು.

"ಬಸ್ಸು ತುದಿಗಂಟ ಹೋಯ್ತದೆ ಕಣೋ ಗಿಳಿ."

"ಬಸ್ಸು ಹೋಗೋದಾದ್ರೆ ಅದೆಂಥ ಬೆಟ್ಟ ಮೇಡಂ? ಪಾವಗಡದ ಘಾಟಿ ಅನ್ನಿ."

"ತುದಿಗಲ್ಲ, ಹೆಗಲಿಗಂಟ. ಮೋಡದ ಒಳಕ್ಕೇ ನುಗ್ತು. ಅಲ್ಲಿಂದ ನಡೀಬೇಕು. ಬೆಂಕಿ ಬೆಟ್ಟ ಅಂತ ಹೇಳಿದ್ರು, ಯಾವ್ದೋ ಕಾಲದಾಗೆ ಹೊಟ್ಟೆ ಒಡ್ದು ಉರಿ ಕಕ್ಕಿತ್ತಂತೆ. ನಾನು ಒಲೆ ಇದ್ದಂಗಿರ್ತದೆ ಅಂದ್ಕಂಡ್ರೆ, ಇಳೀತಿದ್ದಂಗೇ ಹಲ್ಲು ಕಟಕಟ. ಬೇಸಿಗೇಲೂ ಅಲ್ಲಲ್ಲಿ ಮಂಜಿನ ಗಡ್ಡೆ! ಸುತ್ತ ಎಲ್ಲಾ ಬಿಳೀದು. ಹೊಗೆನೋ ಮೋಡನೋ ಗೊತ್ತಾಗ್ದೆ ಮೂಸಿ ನೋಡ್ದೆ."

"ಮಾವ?"

"ಅವ್ರು ಕ್ಯಾಂಟೀನ್ ಒಳಗೆ ಬಿಸಿ ಬಟ್ಲು ತಬ್ಕಂಡು ಕುಂತ್ರು. ಏಳ್ಲೇ ಇಲ್ಲ."

ಮೇಡಂ ಒಬ್ಬರೇ ಹೊರಟರು. ಹತ್ತು ಅಡಿ ಆಚೆಗೆ ಏನೂ ಕಾಣುತ್ತಿರಲಿಲ್ಲವಂತೆ. ಸ್ವಲ್ಪ ದೂರ ಹೋಗಿ, ದಾರಿ ಎರಡಾಗಿ, ಯಾವುದು ಅಂತ ತಿಳಿಯದೆ ನಿಂತಾಗ ಒಂದು ಗಂಟೆಯ ಸದ್ದು ಕೇಳಿತು. ಟಿಣ್ ಟಿಣ್ ಅಂತ ಮುಂದೆ ಹೋಗುತ್ತಿತ್ತು. ಕುರಿಯವರ ಮನೆ ಹೆಣ್ಣುಮಗಳು, ಕಾಲು ತಾನಾಗೇ ಅದರ ಹಿಂದೆ ನಡೆಯಿತು. ಧೂಳೆದ್ದರೂ ಕತ್ತಲಾದರೂ ಗಂಟೆ ಕಟ್ಟಿದ ಕುರಿಯ ಹಿಂದೆ ಹೋಗುವುದು ಅವರಿಗೆ ಚಿಕ್ಕಂದಿನ ಪಾಠ. ಹತ್ತಿರ ಹೋದರೆ ಅದು ಕುರಿಯಲ್ಲ, ಬೆನ್ನುಚೀಲಕ್ಕೆ ಗಂಟೆ ಕಟ್ಟಿಕೊಂಡ ಜಪಾನಿನ ಒಬ್ಬ ಮುದುಕಪ್ಪ.

ನಾನು ಆಮೇಲೆ ಮೊಬೈಲಿನಲ್ಲಿ ಹುಡುಕಿ ನೋಡಿದೆ. "ಮೇಡಂ, ಅಲ್ಲಿ ಕರಡಿ ಹತ್ರ ಬರ್ದೇ ಇರ್ಲಿ ಅಂತ ಗಂಟೆ ಕಟ್ಕೋತಾರಂತೆ."

"ಹೌದಾ? ನಾನು ಹತ್ರ ಹೋದ್ನಲ್ಲೋ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಮುದುಕಪ್ಪನ ಹಿಂದೆಯೇ ಹತ್ತಿದರು. ಕಲ್ಲು, ಮತ್ತೆ ಕಲ್ಲು. ಕೊನೆಗೆ ಮೇಲಕ್ಕೆ ಹೋಗಲು ಏನೂ ಉಳಿಯದ ಒಂದು ಜಾಗ ಬಂತು. ನಾಲ್ಕೂ ಕಡೆ ಬಿಳಿ. ಮಧ್ಯೆ ಒಂದು ಮರದ ಕಂಬ, ಅದರ ಮೇಲೆ ಜಪಾನಿ ಅಕ್ಷರ. ಮೇಡಂ ಓಡಿಹೋಗಿ ಅಂಗೈ ಒತ್ತಿದರು. ಮುದುಕಪ್ಪ ಇವರ ಫೋನಿನಲ್ಲೇ ಫೋಟೋ ತೆಗೆದುಕೊಟ್ಟರು. ಆಮೇಲೆ ಉದ್ದಕ್ಕೆ ಏನೋ ಹೇಳಿ, ಕೈಯನ್ನು ಮೆಲ್ಲಗೆ ಚಾಚಿ ಮೋಡದ ಒಳಗೆ ಒಂದು ಕಡೆ ತೋರಿಸಿದರು. ಮೇಡಂ ಬಗ್ಗಿ ನಮಸ್ಕಾರ ಮಾಡಿದರು. ಅವರೂ ಬಗ್ಗಿದರು. ಇವರು ಇನ್ನೊಮ್ಮೆ ಬಗ್ಗಿದರು. "ಕೊನೆಗೆ ಯಾರು ನಿಲ್ಲಿಸ್ಬೇಕು ಅಂತ ಗೊತ್ತಾಗ್ದೆ ನಾನೇ ಓಡ್ಬಂದ್ಬುಟ್ಟೆ ಕಣೋ. ಬಸ್ಸಿಗೆ ಹೊತ್ತಾಗಿತ್ತು."

ಸಮಸ್ಯೆ ಹೊಳೆದದ್ದು ಬಸ್ಸಿನಲ್ಲಿ. ಸೀಟಿನ ಹಿಂಭಾಗಕ್ಕೆ ಬೆಟ್ಟದ ಚಿತ್ರ ಅಂಟಿಸಿದ್ದರು. ಅದಕ್ಕೆ ಒಂದು ತಲೆಯಿರಲಿಲ್ಲ. ಸಾಲಾಗಿ ಎಷ್ಟೋ ತಲೆಗಳು, ಅವುಗಳಲ್ಲಿ ಒಂದಷ್ಟೇ ಎಲ್ಲಕ್ಕಿಂತ ಎತ್ತರ.

"ನಂಗೇನ್ ಗೊತ್ತು? ನಮ್ ಬೆಟ್ಟ ನೋಡ್ಕಂಡ್ ಬೆಳೆದೋಳು ನಾನು. ಒಂದು ಬೆಟ್ಟ ಅಂದ್ರೆ ಒಂದು ಕಲ್ಲು, ಒಂದು ತಲೆ. ಮೇಲಕ್ಕೆ ದಾರಿ ಮುಗೀತು ಅಂದ್ರೆ ತುದಿ ಬಂತು ಅಂತ. ಅಲ್ಲಿ ಅಂಗಲ್ವಂತೆ ಕಣೋ. ನಾನು ಯಾವ ತಲೆ ಮೇಲೆ ನಿಂತಿದ್ದೆ?"

"ಇದೇನ್ ಮಹಾ ಮೇಡಂ, ಫೋಟೋ ಕೊಡಿ" ಅಂದೆ. ಕಂಬದ ಮೇಲಿನ ಅಕ್ಷರವನ್ನು ಕನ್ನಡಕ್ಕೆ ತಿರುಗಿಸುವ ಆ್ಯಪು ನನ್ನ ಹತ್ತಿರ ಇತ್ತು. ಕಾಲರು ಎಳೆದುಕೊಂಡು ಫೋಟೋ ತೆರೆದೆ. ಬಿಳಿ ಗೋಡೆಯ ಮುಂದೆ ತೆಗೆದ ಪಾಸ್‌ಪೋರ್ಟ್ ಫೋಟೋದ ಹಾಗೆ ಮೇಡಂ. ಪಕ್ಕದಲ್ಲಿ ಕಂಬ. ಕಂಬದ ಮೇಲೆ, ಅಕ್ಷರ ಇದ್ದ ಜಾಗದ ಮೇಲೆ ಸರಿಯಾಗಿ, ಅವರ ಅಂಗೈ. ಕುರಿ ಹಿಡಿದ, ಡಿಸ್ಕಸ್ ಎಸೆದ, ನಮ್ಮೆಲ್ಲರ ಬೆನ್ನಿಗೆ ಬಿದ್ದ ಅಂಗೈ. ಒಂದು ಗೀಟೂ ಹೊರಗೆ ಬಿಟ್ಟಿರಲಿಲ್ಲ. ಆ್ಯಪು ಬಹಳ ಹೊತ್ತು ಯೋಚಿಸಿ ಅಕ್ಷರ ಸಿಗಲಿಲ್ಲ ಅಂದಿತು. ಚಾರ್ಜು ಉಳಿಯಲಿ ಅಂತ ಲೊಕೇಶನ್ನೂ ಆಫ್ ಮಾಡಿದ್ದರು.

"ಪಕ್ಕಕ್ಕೆ ಒತ್ತಬಾರ್ದಿತ್ತಾ ಮೇಡಂ?"

"ಪಕ್ಕಕ್ಕೆ ಯಾರಾದ್ರೂ ಒತ್ತುತಾರೇನೋ?"

ಉಳಿದದ್ದು ಮುದುಕಪ್ಪನ ಕೈ. ಅವರು ತೋರಿಸಿದ್ದು ಏನು? 'ತುದಿ ಇನ್ನೂ ಅಲ್ಲಿದೆ' ಅಂತಲೋ, 'ಇಳಿಯುವ ದಾರಿ ಅಲ್ಲಿದೆ' ಅಂತಲೋ? ನಾನು ಆ ಕೈಸನ್ನೆಯನ್ನು ಟೀ ಅಂಗಡಿಯಲ್ಲಿ ಮಾಡಿ ತೋರಿಸಿದ್ದೇ ತಡ, ಊರೆಲ್ಲ ಮಾಡತೊಡಗಿತು. ಹಾಲಿನವರು ಮಾಡಿದರೆ ಇಳಿಯಿರಿ ಅಂದ ಹಾಗೆ ಕಾಣುತ್ತಿತ್ತು, ಬಸ್ ಏಜೆಂಟರು ಮಾಡಿದರೆ ಮುಂದೆ ಸೀಟು ಖಾಲಿ ಇದೆ ಅಂದ ಹಾಗೆ. ಟೈರಣ್ಣ ಮಾಡಿದರೆ ಗಾಳಿ ತುಂಬಿಸಲು ಗಾಡಿಯನ್ನು ಅಲ್ಲಿ ನಿಲ್ಲಿಸಿ ಅಂದ ಹಾಗೆ. ರಾಯಚರ್ಲು ಮಾವನಿಗೆ ಫೋನು ಮಾಡಿದೆವು. "ಎಕ್ಕಿಂದಿ ಸ್ವಾಮಿ, ಅಕ್ಕ ತುದಿಗಂಟ ಹತ್ತಿದ್ರು. ನಾನೇ ಕಣ್ಣಾರೆ ನೋಡಿದೀನಿ!" ಅಂದರು.

"ಕ್ಯಾಂಟೀನಿಂದಾನಾ ಮಾವ?"

"ಕಿಟಕಿ ದೊಡ್ಡದಿತ್ತಪ್ಪಾ!"

ಟೈರಣ್ಣನಿಗೆ ಅಷ್ಟು ಸಾಕಾಯಿತು. ಸನ್ಮಾನ ಇಟ್ಟುಕೊಂಡರು. ಶಾಲು, ಹಣ್ಣಿನ ಬುಟ್ಟಿ, ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸು. ಫ್ಲೆಕ್ಸಿನಲ್ಲಿ ಮೇಡಂ ಹಿಂದೆ ಯಾವುದೋ ಬೇರೆ ದೇಶದ ಬೆಟ್ಟ, ಅದರ ಮೇಲೆ ತ್ರಿವರ್ಣ ಧ್ವಜ. ನಿರೂಪಣೆ ನನ್ನದು. ವೇದಿಕೆ ಹತ್ತುವ ಮೊದಲು ಮೇಡಂ ನನ್ನನ್ನು ಎಂಟನೇ ಕ್ಲಾಸಿನ ಕೊಠಡಿಗೆ ಎಳೆದುಕೊಂಡು ಹೋದರು.

"ಶಿಖರ ಏರಿದವರು ಅಂತ ಓದ್ಬೇಡ."

"ಮತ್ತೇನ್ ಓದ್ಲಿ ಮೇಡಂ?"

"ಗೊತ್ತಿದ್ರೆ ನಿನ್ ಹತ್ರ ಯಾಕ್ ಬರ್ತಿದ್ದೆ?" ಸೀಟಿ ಅವರ ಬಾಯಲ್ಲಿರಲಿಲ್ಲ. ಮಾತಿಗೆ ಕೊನೆಯೇ ಇಲ್ಲದ ಹಾಗೆ ಕೇಳಿಸುತ್ತಿತ್ತು. "ಎಷ್ಟ್ ಮಕ್ಕಳನ್ನ ಕಡೇ ಏರಿಂದ ಬ್ಯಾಡ್ಜ್ ಕೊಡ್ದೆ ಇಳ್ಸಿದೀನಿ ಗೊತ್ತಾ? ಅತ್ತವ್ರೆ, ಬೇಡ್ಕಂಡವ್ರೆ. ನಾನು ಬಗ್ಗಲಿಲ್ಲ. ಈಗ ನಾನು ಯಾವ್ದೋ ಸಣ್ಣ ತಲೆ ಮುಟ್ಟಿ ದೊಡ್ಡದು ಮುಟ್ಟಿದೆ ಅಂದ್ರೆ, ಆ ಮಕ್ಕಳಿಗೆ ಏನ್ ಮುಖ ತೋರಿಸ್ಲಿ? ಮುಟ್ಟಿದ್ದೂ ಮುಟ್ಟಿಲ್ಲ ಅಂದ್ರೆ ಅದೂ ಸುಳ್ಳೇ ಅಲ್ವಾ? ಏನ್ ಹೇಳ್ಬೇಕು ಹೇಳೋ ಗಿಳಿ."

ಗಿಳಿಗೆ ಯಾರಾದರೂ ಹೇಳಿದ್ದನ್ನು ಹೇಳಲು ಬರುತ್ತದೆ. ಯಾರೂ ಹೇಳದ್ದನ್ನು ಹೇಳಲು ಬರುವುದಿಲ್ಲ. ನಾನು ವೇದಿಕೆಯ ಮೇಲೆ "ಜಪಾನಿಗೆ ಹೋಗಿದ್ದ ನಮ್ಮ ಮೇಡಂ" ಅಂತ ನುಣುಚಿಕೊಂಡೆ. ಟೈರಣ್ಣ ಮೈಕು ಕಸಿದು "ಶಿಖರ ಏರಿದ!" ಅಂತ ಕೂಗಿದರು. ಆಗ ಮೇಡಂ ಮುಂದೆ ಬಂದು ಅವರಿಂದ ಮೈಕು ತಗೊಂಡರು.

"ನಾನು ಆ ಬೆಟ್ಟ ಹತ್ತಿದ್ನೋ ಇಲ್ವೋ ನಂಗೆ ಗೊತ್ತಿಲ್ಲ. ನಿಜ್ವಾಗ್ಲೂ ಗೊತ್ತಿಲ್ಲ."

ಚಪ್ಪಾಳೆ ಅಂದರೆ ಚಪ್ಪಾಳೆ. ಮುಖ್ಯ ಅತಿಥಿಗಳು ಎದ್ದು ನಿಂತು "ಇಷ್ಟು ದೊಡ್ಡ ಸಾಧನೆ, ಎಳ್ಳಷ್ಟೂ ಅಹಂಕಾರ ಇಲ್ಲ" ಅಂದರು. ಹಿಂದಿನ ಸಾಲಿನವರು ಶಿಳ್ಳೆ ಹಾಕಿದರು. ಮೇಡಂ ಶಾಲಿನೊಳಗೆ ಸಿಕ್ಕಿಕೊಂಡವರ ಹಾಗೆ ನನ್ನ ಕಡೆ ತಿರುಗಿ, ಮೈಕಿಗೆ ಕೇಳದಂತೆ ಕೇಳಿದರು: "ಯಾಕೋ ಚಪ್ಪಾಳೆ ಹೊಡೀತವ್ರೆ?"

ಅವತ್ತಿನಿಂದ ಅವರು ಆಗಾಗ ಅಂಗಡಿಗೆ ಬರುತ್ತಿದ್ದರು. ಫೋಟೋ ದೊಡ್ಡದು ಮಾಡು ಅನ್ನುತ್ತಿದ್ದರು. ನಾನು ಬೆರಳಿನ ಸಂದಿಯವರೆಗೂ ದೊಡ್ಡದು ಮಾಡುತ್ತಿದ್ದೆ. ಕಾಯಿಲೆ ಬಿದ್ದ ಮೇಲೆ ನಾನೇ ಅವರ ಮನೆಗೆ ಹೋಗುತ್ತಿದ್ದೆ. ಮಲಗಿದ್ದರು. ನಿಂತೇ ಇದ್ದವರನ್ನು ಹಾಗೆ ನೋಡಿ ನನಗೆ ಎಲ್ಲಿ ನೋಡಬೇಕೋ ತಿಳಿಯುತ್ತಿರಲಿಲ್ಲ.

"ನಾನು ಓಡ್ಬಂದ್ನಲ್ಲ, ಆಗ ಹಿಂದೆ ಆ ಗಂಟೆ ಸದ್ದು ಕೇಳ್ತಿತ್ತು ಕಣೋ. ಮೇಲಕ್ಕೆ ಹೋಯ್ತಿತ್ತು ಅನ್ಸುತ್ತೆ. ಹಂಗಿದ್ರೆ ತುದಿ ಇನ್ನೂ ಮುಂದಿತ್ತು." ಮುಂದಿನ ವಾರ ಹೋದರೆ, "ಇಲ್ಲ, ಕೆಳಕ್ಕೇ ಹೋಗಿದ್ದು ಅನ್ಸುತ್ತೆ. ಹಂಗಿದ್ರೆ ನಾನು ನಿಂತಿದ್ದೇ ತುದಿ." ಅದರ ಮುಂದಿನ ವಾರ ಹೋದರೆ, ಕಿವಿಗೊಟ್ಟು ಕೇಳುತ್ತಿರುವ ಹಾಗೆ ಕಣ್ಣು ಮುಚ್ಚಿಕೊಂಡಿದ್ದರು.

ಟೈರಣ್ಣನ ಫೋನು ಇಟ್ಟ ಮೇಲೆ ನಾನು ಅಂಗಡಿ ಬಾಗಿಲು ಇಳಿಸಿ ಮೈದಾನಕ್ಕೆ ಹೋದೆ. ಶಿರಾದಿಂದ ಬಂದ ಪೇಂಟರ್ ಭಾಯ್ ಏಣಿಯ ಮೇಲಿದ್ದರು. ಮೇಡಂ ಹೆಸರು ಮುಗಿದಿತ್ತು. ಕೆಳಗಿನ ಸಾಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ಟೈರಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಕಾಗುಣಿತ ಸರಿ ಐತೇನ್ಲಾ?"

"ಕಾಗುಣಿತ ಸರಿ ಇದೆ ಸಾರ್. 'ಶಿಖರ ಏರಿದ' ಅನ್ನೋದು ಗೊತ್ತಿಲ್ಲ."

"ಮತ್ತೆ ಅದೇ ರಾಗ ಎಳೀಬೇಡ. ಸತ್ತೋರ ಬಗ್ಗೆ ದೊಡ್ಡದಾಗಿ ಬರೆದ್ರೆ ಯಾರಪ್ಪನ ಗಂಟು ಹೋಯ್ತದೆ?"

"ಅವರೇ ಮೈಕಲ್ಲಿ ಗೊತ್ತಿಲ್ಲ ಅಂದ್ರು."

"ಗೊತ್ತಿಲ್ಲ ಅಂತ ಗೇಟ್ ಮೇಲೆ ಬರೆಸಾಕಾಯ್ತದೇನ್ಲಾ? ಓದಿದೋರು ಉಗೀತಾರೆ!" ಟೈರಣ್ಣ ಹತ್ತಿರ ಬಂದರು, ಧ್ವನಿ ತಗ್ಗಿತು. "ನೋಡು, ನನ್ನನ್ನ ಬ್ಯಾಡ್ಜ್ ಇಲ್ದೆ ಇಳಿಸಿದೋರು ಅವ್ರು. ಅಂಥೋರು ಜಪಾನ್ ಬೆಟ್ಟ ಹತ್ತಿದ್ರು ಅಂದ್ರೆ ಆ ಇಳಿಸಿದ್ದಕ್ಕೂ ಒಂದು ಬೆಲೆ ಇರ್ತದೆ. ಇಲ್ಲ ಅಂದ್ರೆ ನಾನು ಇಷ್ಟು ವರ್ಷ ಯಾಕ್ಲಾ..."

ನನ್ನ ಬಾಯಲ್ಲಿ ಟೈರಿನ ಮೇಲೆ ಒಂದು ಹಾಸ್ಯ ತಯಾರಿತ್ತು. ನುಂಗಿಕೊಂಡೆ.

"'ನೊರಿಕುರಾದಲ್ಲಿ ನಡೆದವರು' ಅಂತ ಬರೆಸೋಣ ಸಾರ್. ಅದು ನಿಜ. ನಡೆದಿದ್ದು ಅವರಿಗೂ ಗೊತ್ತಿತ್ತು."

ಭಾಯ್ ಏಣಿಯ ಮೇಲಿಂದಲೇ ಗೇಣು ಹಾಕಿ ಅಳೆದರು. "ಜಗಾ ಬರಾಬರ್ ಆಯ್ತದೆ."

"ನಡೆಯೋದ್ರಲ್ಲಿ ಏನ್ಲಾ ಐತೆ?" ಅಂದರು ಟೈರಣ್ಣ. "ಯಾರು ನಡೆಯಲ್ಲ? ಹಂಗಾದ್ರೆ ನಾನೂ ನಡ್ದಿದ್ನಲ್ಲ, ಆ ಸರಳಿನ ತಂಕ. ಬಿಸಿಲು, ಗಾಳಿ, ಕಾಲು ಗಡಗಡ. ಅಲ್ಲಿಗಂಟ ನಡೆದಿದ್ದೇ ಅಲ್ವೇನ್ಲಾ ನಾನೂ?"

"ನಡೆದಿದ್ರಿ ಸಾರ್."

ಅವರು ನನ್ನ ಮುಖವನ್ನೇ ನೋಡಿದರು, ಅಣಕಿಸುತ್ತಿದ್ದೀನೇನೋ ಅಂತ. ಅಣಕಿಸುತ್ತಿರಲಿಲ್ಲ.

"ಸಾಬ್, ಯಾವ್ದು ಬರೀಲಿ? ಡಬ್ಬದಲ್ಲಿ ಬಣ್ಣ ಗಟ್ಟಿ ಆಯ್ತಾ ಐತೆ" ಅಂದರು ಭಾಯ್.

ಟೈರಣ್ಣ ಕರವಸ್ತ್ರ ತೆಗೆದು, ಕತ್ತು ಒರೆಸಿಕೊಂಡು, ಗೇಟಿನ ಕಡೆ ನೋಡದೆ ಹೇಳಿದರು: "ನಡೆದವರು ಅಂತ್ಲೇ ಬರಿ. ಸ್ವಲ್ಪ ದಪ್ಪಕ್ಕೆ ಬರಿ."